ಪಂಚೆ ಎತ್ತಿ ಕಟ್ಟಿದ ಮೇಲೆ

14 ಸೆಪ್ಟೆಂಬರ್ 2025, ಭಾನುವಾರ

ಮಲಯಾಳಂ ಸಿನಿಮಾದ ಫೈಟಿನ ರುಚಿ ತಿಳಿಯಬೇಕಾದರೆ ಮೊದಲು ಪಂಚೆಯನ್ನು ಗಮನಿಸಬೇಕು. ಇಳಿಬಿಟ್ಟ ಪಂಚೆಯಲ್ಲಿ ಮೊಣಕಾಲು ಮೇಲೇಳುವುದಿಲ್ಲ, ಒದೆಯಲು ಆಗುವುದಿಲ್ಲ. ಅಂಚು ಹಿಡಿದೆತ್ತಿ ಸೊಂಟಕ್ಕೆ ಸಿಕ್ಕಿಸಿದನೆಂದರೆ ಇನ್ನು ಮಾತು ಮುಗಿಯಿತು ಎಂದೇ ಅರ್ಥ. 1995ರ ‘ಸ್ಫಡಿಕಂ’ನಲ್ಲಿ ಮೋಹನ್‌ಲಾಲ್ ಮಾಡಿದ ಆಡು ತೋಮ (ಆಡು ಅಂದರೆ ನಮ್ಮ ಆಡೇ) ಉಟ್ಟ ಪಂಚೆಯನ್ನೇ ಸೆಳೆದು ಎದುರಾಳಿಯ ತಲೆಗೆ ಮುಸುಕು ಹಾಕಿ ಬಾರಿಸುತ್ತಾನೆ. ಕಣ್ಣು ಕಟ್ಟಿದವನು ಏಟು ತಡೆಯುವುದಾದರೂ ಹೇಗೆ?

ಚಿತ್ರೀಕರಣದಲ್ಲಿ ಇದೇ ಪಂಚೆ ತಲೆನೋವು. ಏಟು ಚುರುಕಾಗಿ ಕಾಣಲೆಂದು ಸೆಕೆಂಡಿಗೆ 24 ಫ್ರೇಮ್ ಬದಲು 22ರಲ್ಲೋ 20ರಲ್ಲೋ ತೆಗೆದು, 24ರಲ್ಲಿ ಓಡಿಸುವುದು ಹಳೆಯ ರೂಢಿ. 22ಕ್ಕೆ ವೇಗ ಶೇ 9ರಷ್ಟು ಏರುತ್ತದೆ, 20ಕ್ಕೆ ಶೇ 20. ಪ್ಯಾಂಟು ತೊಟ್ಟವನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಸಡಿಲ ಬಟ್ಟೆ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ: ಗಾಳಿಗೆ ಹಾರಿದ ಅಂಚು ಎಷ್ಟು ಹೊತ್ತಿಗೆ ಕೆಳಗೆ ಬೀಳುತ್ತದೆಂದು ನಮ್ಮ ಕಣ್ಣಿಗೆ ಚೆನ್ನಾಗಿ ಗೊತ್ತು. ರೋಪ್ ಕಟ್ಟಿ ಹಾರಿಸೋಣವೆಂದರೆ ತೊಡೆಗೆ ಬಿಗಿದ ಪಟ್ಟಿ ಮಡಚಿದ ಪಂಚೆಯಡಿ ಇಣುಕುತ್ತದೆ. ಪಂಚೆಯ ಫೈಟು ನೆಲದ ಮೇಲೆ ನಡೆದರೇ ಚೆಂದ.

ಆದರೆ ಈ ಚಿತ್ರರಂಗ ಯಾವಾಗಲೂ ನೆಲದ ಮೇಲೇ ಇತ್ತು ಎನ್ನುವಂತಿಲ್ಲ. ಸಾಹಸಕ್ಕೆ ಹೆಸರಾದ ನಟ ಜಯನ್ 1980ರ ನವೆಂಬರ್ 16ರಂದು ಚೆನ್ನೈ ಬಳಿಯ ಶೋಳವರಂನಲ್ಲಿ ‘ಕೋಳಿಳಕ್ಕಂ’ ಚಿತ್ರದ ಹೆಲಿಕಾಪ್ಟರ್ ದೃಶ್ಯ ಮಾಡುತ್ತಲೇ ತೀರಿಕೊಂಡರು. 1986ರ ‘ರಾಜಾವಿಂಡೆ ಮಗನ್’ ಭೂಗತ ದೊರೆಯನ್ನೇ ನಾಯಕನಾಗಿಸಿತು. ಅದನ್ನು ಬರೆದ ಡೆನ್ನಿಸ್ ಜೋಸೆಫ್ ಅವರೇ ಮರುವರ್ಷ ‘ನ್ಯೂ ಡೆಲ್ಲಿ’ ಬರೆದರು. ನಿರ್ದೇಶಕ ಜೋಶಿ ಅದನ್ನು 1988ರಲ್ಲಿ ಅಂಬರೀಶ್ ಜೊತೆ ಕನ್ನಡಕ್ಕೂ ತಂದರು. 90ರ ದಶಕದಲ್ಲಿ ನಿರ್ದೇಶಕ ಶಾಜಿ ಕೈಲಾಸ್, ಬರಹಗಾರ ರೆಂಜಿ ಪಣಿಕ್ಕರ್ ಜೋಡಿಯ ‘ಕಮಿಷನರ್’, ‘ದಿ ಕಿಂಗ್’ ಬಂದಾಗ ಏಟೆಲ್ಲ ಕೈಯಲ್ಲಲ್ಲ, ಮಾತಿನಲ್ಲೇ ಬಿತ್ತು. ಆಮೇಲೆ ಮೀಸೆ ತಿರುವುವ ತಂಬುರಾನ್‌ಗಳ (ಜಮೀನ್ದಾರಿ ದೊರೆಗಳ) ಸಾಲು ಶುರುವಾಗಿ ಬೇಸರ ಹಿಡಿಸಿತು. 2007ರ ‘ಬಿಗ್ ಬಿ’ ಬಂದು ನಾಯಕನ ಬಾಯಿ ಮುಚ್ಚಿಸಿದ್ದು ದೊಡ್ಡ ಉಪಕಾರ.

ನನ್ನ ಲೆಕ್ಕದಲ್ಲಿ ಈ ಹಾದಿಯ ತುತ್ತತುದಿ ನಿರ್ದೇಶಕ ಸಚಿ ಅವರ ‘ಅಯ್ಯಪ್ಪನುಂ ಕೋಶಿಯುಂ’ (2020). ಮದ್ಯ ನಿಷೇಧವಿರುವ ಕೇರಳದ ಅಟ್ಟಪ್ಪಾಡಿಗೆ ಒಬ್ಬ ಬಾಟಲಿ ತಂದ, ಪೊಲೀಸು ಹಿಡಿದ. ಅಷ್ಟೇ ಕಾರಣ. ಅದು ಅಹಂಕಾರಕ್ಕೆ ತಾಗಿ ಬೆಳೆಯುತ್ತ ಹೋಗುತ್ತದೆ, ಕೊನೆಗೆ ಇಬ್ಬರೂ ಕೈಕೈ ಮಿಲಾಯಿಸುವ ಹೊತ್ತಿಗೆ ಅದನ್ನು ತಡೆಯಲು ನಮಗೇ ಮನಸ್ಸಿರುವುದಿಲ್ಲ. ಮಾಮೂಲಿ ಗುದ್ದಿನಲ್ಲಿ ಮೋಸಕ್ಕೆ ಜಾಗವಿದೆ: ಏಟು ತಿನ್ನುವವನ ಹೆಗಲ ಹಿಂದೆ ಕ್ಯಾಮೆರಾ ಇಟ್ಟರೆ, ಮುಷ್ಟಿ ಮುಖದಿಂದ ಒಂದು ಗೇಣು ದೂರ ಹಾದುಹೋದರೂ ತಾಗಿದಂತೆ ಕಾಣುತ್ತದೆ, ತಲೆ ಸರಿಯಾದ ಕ್ಷಣಕ್ಕೆ ತಿರುಗಿದರೆ ಸಾಕು. ಪಕ್ಕದಿಂದ ತೆಗೆದರೆ ಆ ಗೇಣು ಬಯಲು. ಇಲ್ಲಿನ ಪಟ್ಟುಗಳಲ್ಲೋ ಮೈಗೆ ಮೈ ಅಂಟಿಕೊಂಡಿರುತ್ತದೆ, ನಡುವೆ ಬಚ್ಚಿಡಲು ಅಂತರವೇ ಇಲ್ಲ. ಮುಖ ಕಾಣುವುದರಿಂದ ಡೂಪ್ ಹಾಕುವುದೂ ಕಷ್ಟ. ಬಿಜು ಮೆನನ್, ಪೃಥ್ವಿರಾಜ್ ಮೈಭಾರವೇ ಅಲ್ಲಿ ಕೆಲಸ ಮಾಡುತ್ತದೆ. ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಏಟನ್ನು ತಡೆದು ಹಿಡಿಯುವುದೂ ಒಂದು ಕಲೆ. ನಮ್ಮ ಬೆಂಗಳೂರಲ್ಲೇ ನಡೆಯುವ ‘ಆವೇಶಂ’ (2024) ಚಿತ್ರದ ರಂಗ ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಬಹಳ ಹೊತ್ತು ಕೈ ಎತ್ತುವುದಿಲ್ಲ. ಅವನು ಯಾವಾಗ ಎತ್ತುತ್ತಾನೋ ಎಂಬ ಕಾತರವೇ ಚಿತ್ರವನ್ನು ಎಳೆದೊಯ್ಯುತ್ತದೆ. ಅದೇ ವರ್ಷದ ಕೊನೆಗೆ ಬಂದ ‘ಮಾರ್ಕೊ’ ಬೇರೆ ದಾರಿ ಹಿಡಿಯಿತು. ರವಿ ಬಸ್ರೂರು ಸಂಗೀತ ಎದೆ ನಡುಗಿಸುತ್ತದೆ, ನಿಜ. ಆದರೆ ರಕ್ತ ಹೆಚ್ಚಿದಷ್ಟೂ ಪ್ರತಿ ಏಟಿನ ಬೆಲೆ ಇಳಿಯುತ್ತದೆ: ಹತ್ತನೆಯವನು ಬೀಳುವ ಹೊತ್ತಿಗೆ ಮೊದಲನೆಯವನು ಯಾಕೆ ಬಿದ್ದ ಎಂಬುದೇ ಮರೆತುಹೋಗಿರುತ್ತದೆ.