ಹಳದಿ ಪುಟ
17 ನವೆಂಬರ್ 2024, ಭಾನುವಾರ ರಾತ್ರಿ

ಗೆಳೆಯ ಗುಂಡನ ಫೋನ್ ಬಂದಾಗ ನಾನು 147ನೇ ಪುಟದಲ್ಲಿದ್ದೆ. ಬೆಳಗ್ಗೆಯೇ ಎಲ್ಲರೂ ಬೆಟ್ಟ ಹತ್ತಲು ಹೋಗಿದ್ದರು. ನಾನು ಬರಲ್ಲ ಅಂದಿದ್ದು ಇದು ಮೂರನೇ ವಾರ.

ನನಗೆ ವಿಕಿಸೋರ್ಸ್ ಹುಚ್ಚು. ಹಳೆಯ ಪುಸ್ತಕಗಳನ್ನು ಎಲ್ಲರೂ ಓದಲು ಇಡುವ ಅಂತರ್ಜಾಲ ಗ್ರಂಥಾಲಯ ಅದು, ಅಲ್ಲಿ ಪುಟ ತಿದ್ದುತ್ತೇನೆ. ಒಂದು ಕಡೆ ಹಳೆಯ ಪುಸ್ತಕದ ಸ್ಕ್ಯಾನ್, ಇನ್ನೊಂದು ಕಡೆ ಓಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರ ಗುರುತಿಸುವ ಯಂತ್ರ, ಹಿಡಿದುಕೊಟ್ಟ ಅಕ್ಷರ. ಯಂತ್ರ ‘ಘ’ ಇದ್ದಲ್ಲಿ ‘ಫ’ ಹಾಕಿರುತ್ತದೆ. ಅನುಸ್ವಾರ ಸೊನ್ನೆಯಾಗಿರುತ್ತದೆ. ಒತ್ತಕ್ಷರಗಳಂತೂ ಎಲ್ಲೆಲ್ಲೋ ಹೋಗಿ ಕೂತಿರುತ್ತವೆ. ಒಂದೇ ಪುಟಕ್ಕೆ ಅರ್ಧ ಗಂಟೆ ಹಿಡಿದದ್ದೂ ಉಂಟು. ಆದರೆ ತಿದ್ದದೆ ಬಿಟ್ಟರೆ ಅದು ಬರೀ ಚಿತ್ರ. ಒಂದು ಪದ ಹುಡುಕಿದರೂ ಸಿಗಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಓದಲು ಅಲ್ಲಿ ಸರಿಯಾದ ಸಾಲೇ ಇರಲ್ಲ. ಈ ಕೆಲಸ ನನಗೆ ನಿಜವಾಗಿಯೂ ಇಷ್ಟ. ಬಿಡಲಾರೆ.

“ಮುಗೀತಾ?” ಅಂದ ಗುಂಡ.

“ಇನ್ನೂ 65 ಪುಟ ಇದೆ ಕಣೋ. ಬೇಜಾರಾಯ್ತಾ?”

“ಬೇಜಾರಿಲ್ಲ. ಒಂದು ಕೇಳ್ತೀನಿ, ಹೇಳಿಬಿಡು. ಇನ್ಮೇಲೆ ನಿನ್ನ ಕರೀಬೇಕಾ, ಬೇಡ್ವಾ?”

ಅವನು ಸಿಟ್ಟಿನಲ್ಲಿ ಕೇಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನಾನೂ ವಾದ ಮಾಡುತ್ತಿದ್ದೆ. ಅವನ ದನಿ ತುಂಬಾ ಮೆತ್ತಗಿತ್ತು. ಕರೆದು ಕರೆದು ಸುಸ್ತಾದವರ ದನಿ. ಗಂಟಲು ಕಟ್ಟಿತು ನನಗೆ. “ಕರಿ” ಅಂದೆ. ಅಷ್ಟೇ ಬಂದದ್ದು.

ಆಮೇಲೆ ಬೆಟ್ಟದ ಸುದ್ದಿ ಹೇಳಿದ. ಯಾರು ಅರ್ಧಕ್ಕೇ ಕೂತರು, ಯಾರ ಚಪ್ಪಲಿ ಕಿತ್ತುಹೋಯಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಷ್ಟು ನಕ್ಕು ಎಷ್ಟು ದಿನವಾಯಿತೋ.

ಆಗ ಅವನೇ ಕೇಳಿದ, ತಿದ್ದಿದ ಪುಟ ಏನಾಗುತ್ತೆ ಅಂತ. ಹಳದಿ ಆಗುತ್ತೆ ಅಂದೆ, ಒಬ್ಬರು ತಿದ್ದಿದ್ದಾರೆ ಅನ್ನೋ ಗುರುತು ಅದು. ಹಸಿರಾಗಬೇಕಾದರೆ ಇನ್ನೊಬ್ಬರು ಮತ್ತೆ ಓದಿ ನೋಡಬೇಕು. ನಾನು ತಿದ್ದಿದ್ದನ್ನು ನಾನೇ ಹಸಿರು ಮಾಡೋಕೆ ಬರಲ್ಲ.

“ಹಾಗಾದ್ರೆ ಇಷ್ಟೂ ದಿನ ಮಾಡಿದ್ದು?”

“ಎಲ್ಲಾ ಹಳದಿ.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಎರಡು ವರ್ಷದ ಹಿಂದೆ ಕಾಲೇಜು ಮೆಟ್ಟಿಲ ಮೇಲೆ ಹೀಗೇ ಸುಮ್ನೆ ಕೂತಿರುತ್ತಿದ್ದೆವು, ಗಂಟೆಗಟ್ಟಲೆ. ಆಗ ಅದನ್ನು ಯಾರೂ ಸಮಯ ಹಾಳು ಅಂದುಕೊಂಡಿರಲಿಲ್ಲ. ನಾನಂತೂ ಅಂದುಕೊಂಡಿರಲಿಲ್ಲ. ಯಾವಾಗಿಂದ ಲೆಕ್ಕ ಹಾಕೋಕೆ ಶುರು ಮಾಡಿದೆ ನಾನು? ಭಾನುವಾರ ಅಂದರೆ ಎಂಟು ಪುಟ, ಹತ್ತು ಪುಟ ಅಂತ?

ಮುಂದಿನ ವಾರ ಬರ್ತೀನಿ ಅಂದಿದ್ದೇನೆ. “ನೋಡೋಣ” ಅಂದ. ಆ “ನೋಡೋಣ” ಚುಚ್ಚಿತು. ಮೊದಲೆಲ್ಲ ಹಾಗನ್ನುತ್ತಿರಲಿಲ್ಲ ಅವನು.

ಈಗ ಹನ್ನೊಂದೂವರೆ. 147 ಇನ್ನೂ ಅರ್ಧ ಇದೆ. ಪುಟದ ಕೆಳಗೆ ಅಡಿಟಿಪ್ಪಣಿ ಬೇರೆ, ಸಣ್ಣ ಅಕ್ಷರ, ಪೂರ್ತಿ ಕಲಸಿಹೋಗಿದೆ. ಇದೊಂದು ಮುಗಿಸಿ ಮಲಗಬೇಕು ಅಂತ ಕೂತೆ, ಆದರೆ ಕಣ್ಣು ಮತ್ತೆ ಮತ್ತೆ ಫೋನಿನ ಕಡೆಗೇ ಹೋಗುತ್ತಿದೆ.