ಬಾಯಲ್ಲಿ ಹಾಡಲು ಬರುವ ಸೋಲೋ

ರಾಕ್ ಹಾಡುಗಳಲ್ಲಿ ಗಿಟಾರ್ ಸೋಲೋ, ಅಂದರೆ ಹಾಡುಗಾರರು ಸುಮ್ಮನಾಗಿ ಗಿಟಾರ್ ಮುಂದೆ ಬಂದು ನುಡಿಯುವ ಭಾಗ, ಕಮ್ಮಿಯಾಗಿದೆ, ನಿಜ. ಆದರೆ ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ, ಅದಕ್ಕೇ ಹೀಗಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮ ಮಂಗಳೂರಿನ ಕೊಂಕಣಿ ಮದುವೆಯ ರಿಸೆಪ್ಶನ್‌ಗಳಲ್ಲಿ ಬ್ಯಾಂಡ್‌ನವರು ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ' ಎತ್ತಿಕೊಂಡಾಗ ನೋಡಿ. ಸಾಹಿತ್ಯ ಮುಗಿದರೂ ಜನ ಹಾಡುವುದನ್ನು ನಿಲ್ಲಿಸುವುದಿಲ್ಲ. ಆ ತಂಡದ ಗಿಟಾರಿಸ್ಟ್‌ಗಳಾದ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ 1976ರಲ್ಲಿ ನುಡಿಸಿದ ಆ ಕೊನೆಯ ಭಾಗ ಸುಮಾರು ಎರಡು ನಿಮಿಷದ್ದು, ಅದರಲ್ಲಿ ಒಂದೇ ಒಂದು ಪದ ಇಲ್ಲ, ಆದರೂ ಅಂಕಲ್‌ಗಳಿಂದ ಹಿಡಿದು ಕಾಲೇಜು ಮಕ್ಕಳ ತನಕ ಎಲ್ಲರೂ ಅದನ್ನು ಬಾಯಲ್ಲೇ ನುಡಿಸುತ್ತಾರೆ. ಇವರಿಗೆಲ್ಲ ತಾಳ್ಮೆ ಎಲ್ಲಿಂದ ಬಂತು?

ನನ್ನ ಪ್ರಕಾರ ಸೋಲೋಗೆ ಪೆಟ್ಟು ಬಿದ್ದದ್ದು ಸ್ಪೀಡಿನ ಹುಚ್ಚಿನಿಂದ. 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಅವರ ಗಿಟಾರ್ ಸೋಲೋ 'ಇರಪ್ಶನ್' ಹೊರಬಂದಾಗ, ಎರಡು ನಿಮಿಷವೂ ಇಲ್ಲದ ಆ ತುಣುಕು ಗಿಟಾರಿಸ್ಟ್‌ಗಳ ನಿದ್ದೆ ಕೆಡಿಸಿತು. ಅವರ ಕೈಯಲ್ಲಿ ಅದು ಸಂಗೀತವೇ. ಆಮೇಲೆ ಬಂದ ಎಷ್ಟೋ ಜನರ ಕೈಯಲ್ಲಿ ಅದು ಬರೀ ಓಟದ ಸ್ಪರ್ಧೆ ಆಯಿತು. 1991ರಲ್ಲಿ ನಿರ್ವಾಣ ತಂಡದ ಕರ್ಟ್ ಕೋಬೇನ್ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್'ನಲ್ಲಿ ಏನು ಮಾಡಿದ ಗೊತ್ತಾ? ತಾನು ಹಾಡಿದ ಧಾಟಿಯನ್ನೇ ಹೆಚ್ಚುಕಮ್ಮಿ ಗಿಟಾರ್‌ನಲ್ಲಿ ಮತ್ತೆ ನುಡಿಸಿದ. ಸೋಲೋ ಸತ್ತದ್ದು ಅಲ್ಲೇ ಎನ್ನುತ್ತಾರೆ ಕೆಲವರು. ನನಗಂತೂ ಅದು ತುಂಬಾ ಇಷ್ಟ, ಯಾಕೆಂದರೆ ಅದನ್ನೂ ಬಾಯಲ್ಲಿ ಹಾಡಬಹುದು. ಮೆಟಾಲಿಕಾ ಬ್ಯಾಂಡ್‌ನವರು 2003ರ ಆಲ್ಬಮ್ಮಿನಲ್ಲಿ ಸೋಲೋವನ್ನೇ ಕೈಬಿಟ್ಟು, 2008ರಲ್ಲಿ ವಾಪಸ್ ತಂದರು. ಈಗ ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಸ್ಟ್ರೀಮ್ ಲೆಕ್ಕ, ಹಾಗಾಗಿ ಇರುವ ಸರಕನ್ನೆಲ್ಲ ಮೊದಲೇ ಸುರಿಯುವ ಆತುರ. ಮೂರನೇ ನಿಮಿಷದಲ್ಲಿ ಬರುವ ಸೋಲೋಗೆ ಜಾಗ ಎಲ್ಲಿ?

ಒಂದು ಬೆಂಡ್, ಅಂದರೆ ತಂತಿ ಬಾಗಿಸಿ ಸ್ವರ ಏರಿಸುವುದನ್ನೇ ತೆಗೆದುಕೊಳ್ಳಿ. ಉಂಗುರ ಬೆರಳನ್ನು ತಂತಿಯ ಮೇಲಿಟ್ಟು, ಬೆನ್ನಿಗೆ ಇನ್ನೆರಡು ಬೆರಳು ಕೊಟ್ಟು ಮೇಲಕ್ಕೆ ತಳ್ಳಬೇಕು. ಸ್ವರ ನಿಧಾನಕ್ಕೆ ಏರುತ್ತದೆ. ಕೂದಲೆಳೆಯಷ್ಟು ಕಮ್ಮಿಯಾದರೂ ಕಿವಿಗೆ ಗೊತ್ತಾಗುತ್ತದೆ. ನಮ್ಮೂರಿನ ಮಳೆಗಾಲದಲ್ಲಂತೂ ತಂತಿ ಬೇಗ ತುಕ್ಕು ಹಿಡಿದು, ತಳ್ಳುವಾಗ ಬೆರಳಿಗೆ ತರಿತರಿ ಹತ್ತಿ, ತುದಿ ಕಪ್ಪಾಗಿ, ಕೈ ತೊಳೆದರೂ ಕಬ್ಬಿಣದ ವಾಸನೆ ಹೋಗುವುದಿಲ್ಲ. ಇಷ್ಟೆಲ್ಲ ಒಂದು ಸ್ವರಕ್ಕೆ! ಪಿಂಕ್ ಫ್ಲಾಯ್ಡ್ ತಂಡದ 'ಕಂಫರ್ಟಬ್ಲಿ ನಂಬ್'ನಲ್ಲಿ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಹೀಗೆ ಒಂದೊಂದು ಸ್ವರವನ್ನೂ ಎಳೆದು, ಬಾಗಿಸಿ, ನಿಲ್ಲಿಸಿ ನುಡಿಸುತ್ತಾರೆ. ಮನುಷ್ಯರ ದನಿ ಕೇಳಿದ ಹಾಗೇ ಅನ್ನಿಸುತ್ತದೆ. ಸ್ಯಾಕ್ಸೋಫೋನ್‌ನಲ್ಲಿ ಗಮಕ ನುಡಿಸಿದ ಕದ್ರಿ ಗೋಪಾಲನಾಥರ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಮಣಿಪಾಲದ ಕಾಲೇಜು ಫೆಸ್ಟ್‌ಗಳಿಗಾಗಿ ಸ್ವಂತ ಹಾಡು ಕಟ್ಟುವ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು. ಹಾಡಿನ ಮಧ್ಯೆ ಎಂಟು ಬಾರ್, ಅಂದರೆ ತಾಳದ ಎಂಟು ಸುತ್ತಿನಷ್ಟು ಜಾಗ ಬಿಡಿ. ಗಿಟಾರ್ ಬದಿಗಿಟ್ಟು ಅಲ್ಲಿಗೆ ಏನು ಬೇಕೆಂದು ಮೊದಲು ಸುಮ್ನೆ ಗುನುಗಿ, ಆಮೇಲೆ ಅದನ್ನೇ ತಂತಿಯ ಮೇಲೆ ಹುಡುಕಿ. ಬೆರಳುಗಳು ರೂಢಿಯಾದ ದಾರಿಯಲ್ಲೇ ಓಡುತ್ತವೆ. ಬಾಯಿ ಹಾಗೆ ಓಡುವುದಿಲ್ಲ, ನಡುವೆ ಉಸಿರು ತೆಗೆದುಕೊಳ್ಳಬೇಕಲ್ವಾ.