ಬೆಂಕಿ ಯಾಕೆ ಸುಡಬೇಕು?

ಇಸ್ಲಾಮಿನ ತತ್ವಜ್ಞಾನ ಓದುತ್ತೇನೆ ಅಂತ ಗೊತ್ತಾದರೆ ಸಾಕು, ಜನ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. "ದೇವರು ಕರುಣಾಮಯಿ, ಅವನ ಕೈಯಲ್ಲಿ ಆಗದ್ದಿಲ್ಲ ಅಂತೀರಿ. ಹಾಗಾದರೆ ಇಷ್ಟೊಂದು ಕೆಡುಕು ಯಾಕಿದೆ? ಎಲ್ಲ ಹಣೆಬರಹ ಅಂತ ಅಲ್ಲಿ ಸುಮ್ಮನಾಗಿಬಿಡುತ್ತಾರೆ, ಅಲ್ವಾ?"

ಇಲ್ಲ, ಸುಮ್ಮನಾಗಿಲ್ಲ. ಇದೊಂದು ಪ್ರಶ್ನೆ ಹಿಡಿದು ನೂರಾರು ವರ್ಷ ವಾದ ಮಾಡಿದ್ದಾರೆ.

ನನ್ನನ್ನು ಮೊದಲು ಹಿಡಿದು ನಿಲ್ಲಿಸಿದವನು ಇಬ್ನ್ ಸೀನಾ. ಬುಖಾರಾದ ಹತ್ತಿರ ಹುಟ್ಟಿ, 1037ರಲ್ಲಿ ಹಮದಾನಿನಲ್ಲಿ ತೀರಿಕೊಂಡವನು. ವೈದ್ಯ. ರೋಗ, ಸಾವು ಎರಡನ್ನೂ ಹತ್ತಿರದಿಂದ ಕಂಡವನು ಕೆಡುಕಿನ ಬಗ್ಗೆ ಬರೆದ ಅನ್ನೋದು ನನಗೆ ದೊಡ್ಡ ವಿಷಯ. ಅವನ 'ಶಿಫಾ' ಅನ್ನುವ ಪುಸ್ತಕದ ಹೆಸರಿಗೆ ವಾಸಿಯಾಗುವುದು ಅಂತ ಅರ್ಥ, ಆದರೆ ಅದು ವೈದ್ಯದ ಪುಸ್ತಕವಲ್ಲ, ತತ್ವಜ್ಞಾನದ್ದು.

ಕೆಡುಕು ಅಂದರೆ ಇರಬೇಕಾದದ್ದು ಇಲ್ಲದೇ ಹೋಗುವುದು ಅನ್ನುತ್ತಾನೆ ಅವನು. ಕಲ್ಲಿಗೆ ಕಣ್ಣು ಕಾಣಿಸಲ್ಲ, ಆದರೂ ಕಲ್ಲನ್ನು ನಾವು ಕುರುಡು ಅನ್ನುವುದಿಲ್ಲ. ನೋಡಬೇಕಾದ ಕಣ್ಣು ನೋಡದಿದ್ದಾಗಲೇ ಆ ಮಾತು ಬರುವುದು.

ಆಮೇಲೆ ಬೆಂಕಿಯ ಮಾತು. ಒಲೆಯ ಮುಂದೆ ಕೂತು ಯೋಚಿಸಿ. ಅನ್ನ ಬೇಯಿಸುವ ಬಿಸಿಯೇ ಸೀರೆಯ ಸೆರಗಿಗೂ ಹತ್ತಿಕೊಳ್ಳುತ್ತದೆ. ಅನ್ನಕ್ಕೆ ಒಂದು, ಸೆರಗಿಗೆ ಒಂದು ಅಂತ ಎರಡು ಬಿಸಿ ಇಲ್ಲ. ಸಜ್ಜನನ ಬಟ್ಟೆ ತಾಗಿದಾಗ ಮಾತ್ರ ಸುಡದೆ ಇರುವ ಬೆಂಕಿ ಬೇಕು ಅಂದರೆ, ಬೆಂಕಿಯೇ ಬೇಡ ಅಂದ ಹಾಗೆ. ಬಿಸಿಯಿಂದ ಬೆಂಕಿಗೆ ಕೇಡಿಲ್ಲ, ಸುಟ್ಟ ಕೈಗೆ ಕೇಡು. ಅಪರೂಪದ ಕೇಡಿಗೆ ಹೆದರಿ ಅಷ್ಟು ದೊಡ್ಡ ಒಳಿತನ್ನೇ ಕೈಬಿಡುವುದು ಇನ್ನೂ ದೊಡ್ಡ ಕೇಡು ಅನ್ನುತ್ತಾನೆ. ಕಾಯಿಲೆಗಳು ಬಹಳ ಇವೆ, ಆದರೆ ಅವೇ ಹೆಚ್ಚಲ್ಲ ಅಂತಲೂ ಬರೆಯುತ್ತಾನೆ. ಒಟ್ಟಿನಲ್ಲಿ ಒಳಿತೇ ಹೆಚ್ಚಿರುವಂತೆ ಜಗತ್ತನ್ನು ನಡೆಸುವ ದೇವರ ಕಾಳಜಿಗೆ ಅವನು ಬಳಸುವ ಪದ 'ಇನಾಯಾ'. ನಮ್ಮ ಊರುಗಳಲ್ಲಿ ಇನಾಯತ್ ಅನ್ನುವ ಹೆಸರಿನವರು ಇರುತ್ತಾರಲ್ಲ, ಅದೇ ಪದ.

ಜಗತ್ತು ಯಾಕೆ ಹೀಗಿದೆ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಆದರೆ ಅದೇ ಕಾಲದಲ್ಲಿ ಸಿರಿಯಾದಲ್ಲಿ ಅಲ್-ಮಅರ್ರಿ ಅನ್ನುವ ಕವಿಯೂ ಇದ್ದ. ನಾಲ್ಕರ ಹರೆಯದಲ್ಲೇ ಸಿಡುಬು ಬಂದು ಅವನ ಕಣ್ಣು ಹೋಗಿತ್ತು. 'ಅವೇ ಹೆಚ್ಚಲ್ಲ' ಅನ್ನುವ ಲೆಕ್ಕದಿಂದ ಆ ಹುಡುಗನಿಗೆ ಏನು ಸಿಕ್ಕಿತು?

ಈ ಜಾಗದಲ್ಲಿ ನಾನು ಇನ್ನೂ ಹಿಂದಿನವರ ಕಡೆ ತಿರುಗುತ್ತೇನೆ. ಇರಾಕಿನ ಬಸ್ರಾದಲ್ಲಿದ್ದ, ಮುಅತಝಿಲಾ ಅನ್ನುವ ಚಿಂತಕರ ಪಂಥದವರು. ತಪ್ಪು ಮಾಡದವರಿಗೆ ನೋವು ಬಂದರೆ ದೇವರು ಅದಕ್ಕೆ ಪರಿಹಾರ ಕೊಡಲೇಬೇಕು, ಅದು ಅವನ ಮೇಲಿನ ಬಾಧ್ಯತೆ ಅಂದರು. ಮಕ್ಕಳ ನೋವಿಗೆ ಪರಿಹಾರ. ಪ್ರಾಣಿಗಳ ನೋವಿಗೂ ಪರಿಹಾರ. ಲೆಕ್ಕದಲ್ಲಿ ಯಾರನ್ನೂ ಬಿಡಲಿಲ್ಲ.

ಅವರನ್ನು ಸಿಕ್ಕಿಸಿದ ಕಥೆಯೂ ಪ್ರಸಿದ್ಧ. ಅಶ್‌ಅರಿ ಅನ್ನುವವನು ಅದೇ ಪಂಥದ ತನ್ನ ಗುರು ಜುಬ್ಬಾಯಿಗೆ ಮೂವರು ಅಣ್ಣತಮ್ಮಂದಿರ ಬಗ್ಗೆ ಕೇಳಿದನಂತೆ. ಒಬ್ಬ ಒಳ್ಳೆಯವನಾಗಿ ಸತ್ತ, ಒಬ್ಬ ಕೆಟ್ಟವನಾಗಿ, ಒಬ್ಬ ಮಗುವಾಗಿದ್ದಾಗಲೇ. ಮಗುವಿಗೆ ಯಾಕೆ ಬದುಕಲು ಬಿಡಲಿಲ್ಲ? ದೊಡ್ಡವನಾದರೆ ಕೆಡುತ್ತಿದ್ದ, ಅವನ ಒಳ್ಳೆಯದಕ್ಕೇ ಕರೆಸಿಕೊಂಡ ಅಂದ ಗುರು. "ಹಾಗಾದರೆ ನನ್ನನ್ನೂ ಯಾಕೆ ಆಗಲೇ ಕರೆಸಿಕೊಳ್ಳಲಿಲ್ಲ ಅಂತ ಕೆಟ್ಟವನು ಕೇಳಿದರೆ?" ಗುರುವಿನ ಬಾಯಿ ಕಟ್ಟಿತು.

ವಾದದಲ್ಲಿ ಶಿಷ್ಯ ಗೆದ್ದ, ಒಪ್ಪುತ್ತೇನೆ. ಆದರೂ ಬಸ್ರಾದವರನ್ನು ಬಿಡಲು ನನಗೆ ಮನಸ್ಸು ಬರುವುದಿಲ್ಲ. ಮಗುವನ್ನು ಕಳೆದುಕೊಂಡ ಗೆಳತಿಯೊಬ್ಬಳು ಒಂದು ಸಂಜೆ ಇದೇ ಪ್ರಶ್ನೆ ಕೇಳಿದಳು. ಬೆಂಕಿಯ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಆ ಮಗುವಿಗೆ ದೇವರು ಬಾಕಿ ಉಳಿಸಿಕೊಂಡಿದ್ದಾನೆ, ತೀರಿಸಲೇಬೇಕು ಅಂತ ಸಾವಿರ ವರ್ಷದ ಹಿಂದೆಯೇ ಹೇಳಿದವರಿದ್ದಾರೆ ಅಂದೆ. ಪ್ರಾಣಿಗಳ ಮಾತೂ ಹೇಳಿದೆ.

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, "ಪ್ರಾಣಿಗಳಿಗೂನಾ?" ಅಂದಳು.

"ಹೂಂ, ಅವಕ್ಕೂ."